ಐಸಕ್ಕನ ಎಂಬತ್ತು ಡಬ್ಬಿಗಳು

ಇನ್ನೂ ಐದು ಗಂಟೆ ಹೊಡೆದಿಲ್ಲ. ಮೀನುದೋಣಿಗಳು ನಿಲ್ಲುವ ದಕ್ಕೆಯ ಹಿಂದಿನ ಹಳೆಯ ಕಟ್ಟಡದಲ್ಲಿ ಒಂಟಿ ದೀಪ ಉರಿಯುತ್ತಿದೆ. ಮೊಣಕಾಲವರೆಗಿನ ರಬ್ಬರ್ ಬೂಟು ತೊಟ್ಟ ಮಹಿಳೆಯೊಬ್ಬರು ಉಪ್ಪುನೀರಿನ ತೊಟ್ಟಿಯ ಮರದ ಮುಚ್ಚಳ ಸರಿಸಿ, ಸರಪಳಿಯ ಕೊಕ್ಕೆಯನ್ನು ತಗಡಿನ ಡಬ್ಬಿಗೆ ಸಿಕ್ಕಿಸಿ ರಾಟೆ ಎಳೆಯುತ್ತಾರೆ. ಡಬ್ಬಿ ಮೇಲೆ ಬರುತ್ತದೆ. ಅದನ್ನು ಪಕ್ಕದ ಸಾದಾ ನೀರಿನಲ್ಲಿ ಮುಳುಗಿಸಿ ಬಾಯಲ್ಲೇ ಇಪ್ಪತ್ತರವರೆಗೆ ಎಣಿಸುತ್ತಾರೆ. ಆಮೇಲೆ ಡಬ್ಬಿಯನ್ನು ವಾಲಿಸಿದರೆ ಐವತ್ತು ಕಿಲೋ ತೂಕದ ಮಂಜುಗಡ್ಡೆ ಸರ್ರನೆ ಜಾರಿ ನೆಲಕ್ಕೆ ಬರುತ್ತದೆ. ಹೊರಗೆ ಕ್ರೇಟು ಹಿಡಿದು ನಿಂತವರಲ್ಲಿ ಒಬ್ಬ ಕೂಗುತ್ತಾನೆ: "ಐಸಕ್ಕಾ, ನಂದು ಮೊದ್ಲು! ನಮ್ಮ ದೋಣಿ ಆಗ್ಲೇ ಕಟ್ಟು ಬಿಚ್ಚಿದೆ."

"ನಿಂದು ದಿನಾ ಮೊದ್ಲೇ. ನಿನ್ ಮದ್ವೆಗೆ ಮಾತ್ರ ಲೇಟಾಗಿ ಹೋಗಿದ್ಯಂತೆ," ಎನ್ನುತ್ತಾರೆ ಐಸಕ್ಕ. ಸಾಲಿಗೆ ಸಾಲೇ ನಗುತ್ತದೆ.

ಸಣ್ಣ ದೋಣಿಗಳ ಮೀನುಗಾರರು ಸೇರಿ ಕಟ್ಟಿಕೊಂಡ ಸಹಕಾರ ಸಂಘದ ಐಸ್ ಘಟಕ ಇದು. ಎಂಬತ್ತು ಡಬ್ಬಿ, ದಿನಕ್ಕೆ ನಾಲ್ಕು ಟನ್ನು, ನಲವತ್ತಾರು ದೋಣಿ. ಕಳೆದ ಹದಿನೇಳು ವರ್ಷಗಳಿಂದ ಈ ಯಂತ್ರಗಳನ್ನು ನಡೆಸುತ್ತಿರುವುದು ಐವತ್ತೊಂದು ವರ್ಷದ ಈ ಹೆಂಗಸು. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. "ಊರಿಗೆಲ್ಲ ಐಸ್ ಕೊಡ್ತೀನಿ, ಆದ್ರೆ ಯಾರಿಗೂ ಐಸ್ ಇಟ್ಟೋಳಲ್ಲ," ಎನ್ನುವುದು ಅವರದೇ ಮಾತು. ಬರುವ ತಿಂಗಳ ಕೊನೆಗೆ ಈ ಘಟಕ ಮುಚ್ಚಲಿದೆ.

ಸಂಘ ಹುಟ್ಟುವ ಮೊದಲು ಇಲ್ಲಿ ಐಸ್ ಇರಲಿಲ್ಲ. ದೋಣಿ ದಡ ಮುಟ್ಟಿದಾಗ ಸಗಟು ವ್ಯಾಪಾರಿಗಳು ಛತ್ರಿ ಹಿಡಿದು ಸುಮ್ಮನೆ ನಿಂತಿರುತ್ತಿದ್ದರಂತೆ. ಅವರಿಗೆ ಯಾವ ಅವಸರವೂ ಇಲ್ಲ, ಬಿಸಿಲು ಏರಿದರೆ ಸಾಕು. ಹನ್ನೊಂದರ ಹೊತ್ತಿಗೆ ಮೀನಿನ ಕಣ್ಣು ಮಂಕಾಗಿ, ಮೀನುಗಾರನೇ ಕೈಮುಗಿದು ಕೇಳಿದಷ್ಟಕ್ಕೆ ಕೊಟ್ಟು ಹೋಗುತ್ತಿದ್ದ. "ಐಸ್ ಅಂದ್ರೆ ಏನಂದ್ಕೊಂಡ್ರಿ?" ಎಂದು ಐಸಕ್ಕ ನನ್ನನ್ನೇ ಕೇಳುತ್ತಾರೆ. "ಬರೀ ತಣ್ಣಗಿನ ನೀರಲ್ಲ. 'ಆ ಬೆಲೆಗೆ ಕೊಡಲ್ಲ, ಸಂಜೆ ಬಾ' ಅನ್ನೋ ಧೈರ್ಯ ಅದು. ದೊಡ್ಡೋರಿಗೆ ಆ ಧೈರ್ಯ ಹುಟ್ಟಿನಿಂದ್ಲೇ ಬಂದಿರುತ್ತೆ. ನಮ್ಮಂಥೋರು ಅದನ್ನ ದಿನಾ ಬೆಳಿಗ್ಗೆ ತಯಾರು ಮಾಡ್ಕೋಬೇಕು."

ಮೊದಲು ಘಟಕ ನಡೆಸುತ್ತಿದ್ದವರು ಅವರ ಗಂಡ. ಹದಿನೇಳು ವರ್ಷದ ಹಿಂದೆ, ಒಂದು ನಡುಮಧ್ಯಾಹ್ನ, ಅಮೋನಿಯ ಹರಿಯುವ ಕೊಳವೆಯ ಕೀಲು ಸಿಡಿಯಿತು. ನೀರನ್ನು ಹೆಪ್ಪುಗಟ್ಟಿಸುವುದೇ ಆ ಅನಿಲ. ಅದು ಹೊರಬಿದ್ದರೆ ಕಣ್ಣು, ಗಂಟಲು, ಶ್ವಾಸಕೋಶ ಎಲ್ಲವನ್ನೂ ಸುಡುತ್ತದೆ. ಆ ಹೊತ್ತಿಗೆ ಒಳಗೆ ಐಸ್ ತುಂಬುತ್ತಿದ್ದುದು ಗಂಡನ ತಮ್ಮ, ಅಂದರೆ ಐಸಕ್ಕನ ಮೈದುನ. ಗಂಡ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಒಳಗೆ ನುಗ್ಗಿ ತಮ್ಮನನ್ನು ಬಾಗಿಲಾಚೆ ತಳ್ಳಿದರು. ಅಲ್ಲಿಗೇ ಹೊರಬಂದಿದ್ದರೆ ಬದುಕುತ್ತಿದ್ದರೇನೋ. ಆದರೆ ಗೋಡೆಯಾಚೆ ಮಕ್ಕಳ ಶಾಲೆ. ಅವರು ತಿರುಗಿ ಹೋಗಿ ಅನಿಲ ತಡೆಯುವ ಮುಖ್ಯ ಕವಾಟ ಮುಚ್ಚಿದರು. ಶಾಲೆಯ ಒಂದು ಮಗುವಿಗೂ ಏನೂ ಆಗಲಿಲ್ಲ. ಅವರು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು.

"ಮಾತು ನಿಂತುಹೋಗಿತ್ತು. ಕೊನೇ ದಿನ ನನ್ನ ಅಂಗೈ ಮೇಲೆ ಬೆರಳಲ್ಲಿ ಏನೋ ಬರೆದ್ರು. ನಂಗೆ ಓದೋಕೆ ಆಗ್ಲಿಲ್ಲ," ಎನ್ನುತ್ತಾರೆ ಐಸಕ್ಕ. "ಇನ್ನೊಂದ್ಸಲ ಬರೀರಿ ಅಂದೆ. ಕೈಯಲ್ಲಿ ಶಕ್ತಿ ಇರ್ಲಿಲ್ಲ." ಈ ಮಾತು ಹೇಳುವಾಗ ಅವರು ಕೆಲಸ ನಿಲ್ಲಿಸುವುದಿಲ್ಲ. ಮುಂದಿನ ಡಬ್ಬಿಗೆ ಕೊಕ್ಕೆ ಹಾಕುತ್ತಾರೆ.

ಆಗ ಅವರಿಗೆ ಮೂವತ್ತನಾಲ್ಕು ವರ್ಷ, ಮಗಳಿಗೆ ಒಂಬತ್ತು. ಸಂಘದ ಸಭೆಯಲ್ಲಿ ಅವರಿಗೆ ಕಸ ಗುಡಿಸುವ ಕೆಲಸ ಕೊಡೋಣ ಎಂದರು ಕೆಲವರು. ಐಸಕ್ಕ ಎದ್ದು ನಿಂತು ಯಂತ್ರದ ಕೆಲಸವನ್ನೇ ಕೇಳಿದರು. ಗುಸುಗುಸು ಶುರುವಾಯಿತು. ಅಷ್ಟರಲ್ಲಿ ಮೂಲೆಯಲ್ಲಿದ್ದ ಮುದುಕ ದೋಣಿಗಾರನೊಬ್ಬ ಗದರಿದ: "ಮಂಜುಗಡ್ಡೆಗೆ ಗಂಡು ಹೆಣ್ಣು ಗೊತ್ತಾಗುತ್ತೇನ್ರೋ? ಕಲಿಸ್ರೋ ಆಕೆಗೆ!" ದೂರದ ಊರಿಂದ ಬರುತ್ತಿದ್ದ ಮೆಕ್ಯಾನಿಕ್ ಎಂಟು ತಿಂಗಳು ಕಲಿಸಿದ. ಒತ್ತಡ ಮಾಪಕದ ಮುಳ್ಳು ಎಲ್ಲಿರಬೇಕು, ಎಣ್ಣೆ ಯಾವಾಗ ಬದಲಿಸಬೇಕು, ಕಂಪ್ರೆಸರ್ ಗೊಣಗಿದರೆ ಏನರ್ಥ, ಎಲ್ಲವನ್ನೂ.

ಕೆಲಸ ತನ್ನ ಬೆಲೆಯನ್ನು ದೇಹದಿಂದಲೇ ವಸೂಲು ಮಾಡಿದೆ. ಎಡಗೈಯ ಎರಡು ಬೆರಳಿನ ತುದಿಗೆ ಸ್ಪರ್ಶವಿಲ್ಲ. ಆರು ವರ್ಷದಿಂದ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಅಮೋನಿಯ ಸೋರಿದರೂ ಗೊತ್ತಾಗದೆಂದು ಬೆಳಿಗ್ಗೆ, ಸಂಜೆ ಗಂಧಕದ ಕಡ್ಡಿ ಹಚ್ಚಿ ಪ್ರತಿಯೊಂದು ಕೀಲಿನ ಹತ್ತಿರವೂ ಹಿಡಿಯುತ್ತಾರೆ. ಬಿಳಿ ಹೊಗೆ ದಟ್ಟವಾಗಿ ಎದ್ದರೆ ಸೋರಿಕೆ ಇದೆ ಎಂದರ್ಥ. "ವಾಸನೆ ಹೋಯ್ತು ಅಂತ ಬೇಜಾರಿರ್ಲಿಲ್ಲ. ಮೀನಿನ ಮಧ್ಯೆ ಬದುಕೋರಿಗೆ ಅದು ಒಂಥರಾ ಪುಣ್ಯವೇ," ಎಂದು ನಕ್ಕವರು ತೊಟ್ಟಿಯ ಮುಚ್ಚಳವನ್ನು ಸರಿಯಾಗಿ ಕೂರಿಸುತ್ತಾರೆ. "ಹೋದ ವರ್ಷ ಮಗಳಿಗೆ ಹೆರಿಗೆ ಆಯ್ತು. ಕೂಸನ್ನ ನನ್ನ ಮಡಿಲಿಗೆ ಹಾಕಿ, 'ಅಮ್ಮಾ, ನೆತ್ತಿ ಮೂಸಿ ನೋಡು, ಎಷ್ಟು ಚೆಂದ' ಅಂದ್ಲು. ಮೂಸಿದೆ. ಹೂಂ ಅಂದೆ. ಏನೂ ಬರ್ಲಿಲ್ಲ ಕಣ್ರೀ. ಅವಳಿಗೆ ಇವತ್ತಿಗೂ ಹೇಳಿಲ್ಲ."

ಸಹಕಾರ ಸಂಘಗಳು ದೇಶದ ಆರ್ಥಿಕತೆಯ ಬೆನ್ನೆಲುಬು ಎಂಬ ಮಾತು ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಬೆನ್ನೆಲುಬಿನ ಪಾಡೇ ಅಷ್ಟು, ನೋವು ಬರುವ ತನಕ ಅದರ ನೆನಪು ಯಾರಿಗೂ ಆಗುವುದಿಲ್ಲ. ಒಂದು ಕಾಲಕ್ಕೆ ಸರ್ಕಾರವೇ ಈ ಸಂಘದಲ್ಲಿ ಷೇರು ಹಾಕಿತ್ತು, ವಿದ್ಯುತ್ತಿಗೆ ರಿಯಾಯಿತಿ ಕೊಟ್ಟಿತ್ತು. ನೀತಿ ಬದಲಾಯಿತು, ಸಂಘಗಳು ತಮ್ಮ ಕಾಲ ಮೇಲೆ ತಾವು ನಿಲ್ಲಲಿ ಎಂದು ರಿಯಾಯಿತಿ ಹೋಯಿತು. ಅದೇ ಹೊತ್ತಿಗೆ ಹೆದ್ದಾರಿ ಬದಿಯಲ್ಲಿ ಖಾಸಗಿ ಕಂಪನಿಯೊಂದು ದೊಡ್ಡ ಐಸ್ ಕಾರ್ಖಾನೆ ತೆರೆದು ಅರ್ಧ ಬೆಲೆಗೆ ಮಾರತೊಡಗಿತು. ಸಂಘದ ಸದಸ್ಯರೇ ಒಬ್ಬೊಬ್ಬರಾಗಿ ಅತ್ತ ಹೋದರು. ಮೂರು ವರ್ಷ ಸತತ ನಷ್ಟ ತೋರಿಸಿದ ಘಟಕವನ್ನು ಮುಚ್ಚಬಹುದು, ಸದಸ್ಯರು ಒಪ್ಪಿದರೆ ಸಾಕು ಎಂದು ಹೊಸ ನಿಯಮ ಹೇಳುತ್ತದೆ.

ಪರಿಶೀಲನೆಗೆ ಬಂದ ಅಧಿಕಾರಿ ಮರ್ಯಾದಸ್ಥ. ಐಸಕ್ಕ ಕೊಟ್ಟ ಚಹಾ ಕುಡಿದು, ತೊಟ್ಟಿಯನ್ನೆಲ್ಲ ನೋಡಿ, "ಲಾಭ ಎಲ್ಲಿದೆಯಮ್ಮ?" ಎಂದು ಕೇಳಿದರಂತೆ.

"ಇಲ್ಲಿ ಹುಡುಕಿದ್ರೆ ಹೇಗೆ ಸಿಗುತ್ತೆ ಸಾರ್? ಅದು ನಲವತ್ತಾರು ಮನೇಲಿ ಹಂಚಿಹೋಗಿದೆ. ಹೋಗಿ ಅಡುಗೆಮನೆ ನೋಡಿ, ಮಕ್ಕಳ ಶಾಲೆ ಚೀಲ ನೋಡಿ," ಎಂದಿದ್ದರು ಐಸಕ್ಕ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ನೀವು ಹೇಳೋದು ಸುಳ್ಳಲ್ಲ. ಆದ್ರೆ ನಮ್ಮ ಫಾರಂನಲ್ಲಿ ಅದನ್ನ ಬರೆಯೋಕೆ ಜಾಗ ಇಲ್ಲ," ಎಂದು ಎದ್ದರು.

ಹೋದ ತಿಂಗಳು ಸರ್ವಸದಸ್ಯರ ಸಭೆ ನಡೆಯಿತು. ಗಂಡನ ಷೇರಿನಿಂದ ಸದಸ್ಯೆಯಾದ ಐಸಕ್ಕನೂ ಅಲ್ಲಿದ್ದರು. ಮುಚ್ಚಬೇಕು ಎಂದವರು ಮೂವತ್ತೊಂದು, ಬೇಡ ಎಂದವರು ಹತ್ತೊಂಬತ್ತು. ಮುಚ್ಚುವ ಪರ ಮೊದಲು ಕೈ ಎತ್ತಿದ್ದು ಅದೇ ಮೈದುನ, ಅಣ್ಣ ಪ್ರಾಣ ಕೊಟ್ಟು ಉಳಿಸಿದ ತಮ್ಮ.

ಅವರನ್ನು ನಾನು ಬಲೆ ಹೆಣೆಯುವ ಚಪ್ಪರದಡಿ ಮಾತಾಡಿಸಿದೆ. ನಲವತ್ತರ ಆಸುಪಾಸಿನ, ತಲೆ ಎತ್ತಿ ಮಾತಾಡದ ಮನುಷ್ಯ. "ಬೆಲೆ ಕಮ್ಮಿ ಅಂತ ಎತ್ತಲಿಲ್ಲ," ಎಂದರು. "ಕೊಳವೆಗಳಿಗೆ ನಲವತ್ತು ವರ್ಷ ಆಯ್ತು. ಬದಲಿಸೋ ಶಕ್ತಿ ಸಂಘಕ್ಕಿಲ್ಲ. ಅತ್ತಿಗೆಗೆ ವಾಸನೇನೂ ಗೊತ್ತಾಗಲ್ಲ. ಅಣ್ಣನ್ನ ನುಂಗಿದ ಯಂತ್ರ ಅದು, ಅತ್ತಿಗೇನೂ ನುಂಗೋದು ಬೇಡ ಅಂತ ಎತ್ತಿದೆ. ಇದನ್ನ ಅವ್ರ ಮುಂದೆ ಹೇಳೋಕೆ ನಂಗೆ ಬಾಯಿ ಬರಲ್ಲ."

ಅವರ ಅನುಮತಿ ಪಡೆದೇ ಈ ಮಾತನ್ನು ಐಸಕ್ಕನಿಗೆ ತಿಳಿಸಿದೆ. ಅವರು ಕೈಯಲ್ಲಿದ್ದ ಕೊಕ್ಕೆಯನ್ನು ಕೆಳಗಿಟ್ಟರು. "ಗೊತ್ತು," ಎಂದರು. "ಅವನು ಚಿಕ್ಕೋನಿದ್ದಾಗ್ಲಿಂದ ನಾನೇ ಅನ್ನ ಹಾಕಿದ್ದು, ನಂಗೊತ್ತಾಗಲ್ವಾ? ಆದ್ರೂ ಆವತ್ತು ಎದೆ ಒಡೀತು. ಮಾರನೇ ದಿನ ಬೆಳಿಗ್ಗೆ ಬಂದು ಕ್ರೇಟ್ ಹಿಡ್ಕೊಂಡು ಸಾಲಲ್ಲಿ ನಿಂತ. ಮಾತಾಡ್ಲಿಲ್ಲ. ಐಸ್ ಕೊಟ್ಟೆ." ಈಗಲೂ ಇಬ್ಬರ ನಡುವೆ ಅಷ್ಟೇ ವ್ಯವಹಾರ. ಆತ ಬರುತ್ತಾರೆ, ಇವರು ಕೊಡುತ್ತಾರೆ.

ಇತ್ತ ಸಭೆ ಮುಗಿದ ವಾರಕ್ಕೇ ಹೆದ್ದಾರಿ ಬದಿಯ ಕಾರ್ಖಾನೆ ಐಸ್ ಬೆಲೆ ಏರಿಸಿತು. ಮೂವತ್ತೊಂದು ಜನರಲ್ಲಿ ಕೆಲವರು ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಇಲ್ಲಿಗೇ ಬರುತ್ತಿದ್ದಾರೆ. ಕಾಲ ಮಿಂಚಿದೆ. ಹಾಗೆಂದು ಐಸಕ್ಕ ಒಬ್ಬರನ್ನೂ ಕೊಂಕಿನಿಂದ ಮಾತಾಡಿಸಿದ್ದನ್ನು ನಾನು ಕೇಳಲಿಲ್ಲ.

ಆ ಕಾರ್ಖಾನೆಯವರೇ ಅವರಿಗೆ ಕೆಲಸ ಕೊಡಲು ಮುಂದೆ ಬಂದಿದ್ದಾರೆ. ಈಗಿನದಕ್ಕಿಂತ ಹೆಚ್ಚು ಸಂಬಳ, ಹೊಸ ಯಂತ್ರ, ಸೋರಿದರೆ ತಾನಾಗಿ ಕೂಗುವ ಗಂಟೆ. ಹೋಗುತ್ತೀರಾ ಎಂದು ಕೇಳಿದೆ. ಐಸಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕುಳಿತರು. ಕೊನೆಯ ದೋಣಿ ಹೊರಟುಹೋಗಿತ್ತು.

"ಹೋಗ್ತೀನಿ. ಬೇರೆ ಏನು ಬರುತ್ತೆ ನಂಗೆ? ಅಲ್ಲಿ ಚೆನ್ನಾಗೇ ನೋಡ್ಕೋತಾರೆ, ಸುಮ್ನೆ ಯಾಕೆ ಅನ್ಲಿ. ಆದ್ರೆ ನಾಳೆ ಅವ್ರು ಅದನ್ನ ಮುಚ್ಚಬೇಕು ಅಂದ್ರೆ ಬೆಳಿಗ್ಗೆ ಗೇಟಿಗೆ ಬೀಗ ಹಾಕಿರ್ತಾರೆ, ಅಷ್ಟೇ. ಇಲ್ಲಿ ಹಾಗಾಗ್ಲಿಲ್ಲ. ನನ್ನನ್ನೂ ಕರೆದ್ರು, ಕುರ್ಚಿ ಹಾಕಿದ್ರು, ಕೇಳಿದ್ರು. ಸೋತೆ, ನಿಜ. ಆದ್ರೆ ಆ ಹತ್ತೊಂಬತ್ತರಲ್ಲಿ ಒಂದು ನಾನು."