ದುರ್ಗಿ ಹಾಕಿದ ಕೂ

ಕಾಗಾಲದ ಹೊಳೆಯ ನಡುವಿನ ದಿಬ್ಬದಲ್ಲಿ ಇದ್ದದ್ದು ಒಂದೇ ಮನೆ, ದುರ್ಗಿಯದು. ಉಪ್ಪುನೀರಿಗೆ ಮಣ್ಣಿನ ಕಟ್ಟು ಹಾಕಿ, ಯಾರಿಗೂ ಬೇಡವಾಗಿದ್ದ ಆ ಜಾಗವನ್ನು ಗದ್ದೆ ಮಾಡಿದವರು ಅವಳು ಮತ್ತು ಗಂಡ ಮಾಬ್ಲ. ಒಂದು ಮಳೆಗಾಲ ಕಟ್ಟು ಒಡೆದು ಮಾಬ್ಲ ನೀರುಪಾಲಾದ. ಆ ದಿನ ದುರ್ಗಿ ಗಂಟಲು ಹರಿಯುವ ಹಾಗೆ ಕೂ ಹಾಕಿದ್ದಳು. ಹೊಳೆಯಾಚೆಯಿಂದ ಕೂ ಕೇಳಿದರೆ ನಮ್ಮಲ್ಲಿ ಉಣ್ಣುತ್ತಿದ್ದವನೂ ಎದ್ದು ಓಗೊಡಬೇಕು. ಗಾಳಿಯ ಅಬ್ಬರಕ್ಕೆ ಅಂದು ಯಾರಿಗೂ ಕೇಳಲಿಲ್ಲ.

ಆಮೇಲೆ ಅವಳು ಕೂ ಹಾಕಲೇ ಇಲ್ಲ. ಉಪ್ಪು ಬೇಕಾದರೂ ಬೆಂಕಿಪೆಟ್ಟಿಗೆ ಬೇಕಾದರೂ ತಾನೇ ದೋಣಿ ನಡೆಸಿಕೊಂಡು ಬರುವಳು, ಮಾತಿಲ್ಲದೆ ಹೋಗುವಳು.

ಜನರನ್ನು ಹೊಳೆ ದಾಟಿಸುವ ಅಂಬಿಗ ಶನಿಯಾರ ಒಮ್ಮೆ ಕೇಳಿದ, "ಒಂದು ಕೂ ಹಾಕೂಕೆ ಎಂತ ಅಕ್ಕ? ನಾ ಬರೂದಿಲ್ಲನಾ?"

"ಹಾಕಿದ್ದು ಸಾಕು ಮಾರಾಯ."

ಎಪ್ಪತ್ತೆಂಟರಲ್ಲಿ ಸಿನಿಮಾದವರು ಬಂದರು. ಬರಡು ನೆಲದಲ್ಲಿ ಬೇರೂರುವ ಸಂಸಾರದ ಕಥೆಯಂತೆ. ದುರ್ಗಿಯ ಬಡತನ ಸಾಲದೆಂದು ಗುಡಿಸಲಿಗೆ ಮಸಿ ಬಳಿದರು, ಪುಣ್ಯಾತ್ಮರು! ಕಥೆಯ ಹೆಂಡತಿ ಗಂಡನಿಗಾಗಿ ಕೂ ಹಾಕಬೇಕು, ಉತ್ತರ ಬರಬಾರದು. ನಾಯಕಿಯ ಗಂಟಲಿಂದ ಬೆಕ್ಕಿನ ದನಿ ಹೊರಟಿತು. ನಿರ್ದೇಶಕರು ದುರ್ಗಿಗೆ ಕೈಮುಗಿದರು. ಯಾಕೆ ಒಪ್ಪಿದಳೋ, ಬಹಳ ಹೊತ್ತು ನೀರು ನೋಡುತ್ತ ನಿಂತು ಕೂ ಹಾಕಿದಳು.

ಮರುಗಳಿಗೆ ಆಚೆ ದಡದಿಂದ ಶನಿಯಾರ ಓಗೊಟ್ಟ.

"ಕಟ್!" ನಿರ್ದೇಶಕರು ಸಿಡುಕಿ, ಆಳು ಕಳಿಸಿ ಅವನ ಬಾಯಿ ಮುಚ್ಚಿಸಿದರು. ದುರ್ಗಿ ಮತ್ತೆ ಕೂ ಹಾಕಿದಳು. ಹೊಳೆ ಸುಮ್ಮನಿತ್ತು. ಇನ್ನೊಮ್ಮೆ ಹಾಕಿದಳು, ಮತ್ತೊಮ್ಮೆ ಹಾಕಿದಳು. ಸಿನಿಮಾದವರಿಗೆ ಖುಷಿಯೋ ಖುಷಿ. ನೋಡಲು ಹೋಗಿದ್ದ ನನಗೆ ಮಾತ್ರ ಅವರ ಕ್ಯಾಮೆರಾ ಎತ್ತಿ ಹೊಳೆಗೆ ಒಗೆಯಬೇಕು ಅನ್ನಿಸಿತ್ತು.

ಮರುವರ್ಷ ಕುಮಟೆಯ ಟೆಂಟಿಗೆ ಆ ಸಿನಿಮಾ ಬಂತು. ಬರಲೊಲ್ಲದ ದುರ್ಗಿಯನ್ನು ಎಳೆದುಕೊಂಡು ಹೋಗಿ ಹೆಂಗಸರ ಕಡೆ ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಪರದೆಯ ಮೇಲೆ ನಾಯಕಿಯ ಬೆನ್ನು ಕಂಡಿತು, ದುರ್ಗಿಯ ಕೂ ಕೇಳಿತು. ಹೊಳೆ ಸುಮ್ಮನಿತ್ತು. ಎರಡನೆಯ ಕೂ. ದುರ್ಗಿ ನನ್ನ ಕೈ ಹಿಡಿದುಕೊಂಡಳು.

ಆಗ ಗಂಡಸರ ಕಡೆಯ ಕತ್ತಲಲ್ಲಿ ಶನಿಯಾರ ಎದ್ದು ನಿಂತು, ಎದೆ ತುಂಬ ಉಸಿರೆಳೆದು ಓಗೊಟ್ಟ.

ಟೆಂಟಿಗೆ ಟೆಂಟೇ ನಕ್ಕಿತು. ದುರ್ಗಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಮಾಬ್ಲ ಹೋದಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.