ಆಯುಧಪೂಜೆಯಂದು ಆರಿದ ಕುಲುಮೆ

ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಬಾಡಿಗೆ ಶೆಡ್ಡಿನಲ್ಲಿ ನನ್ನ ಅಣ್ಣ ಒಂದು ಹರಳು ಬೆಳೆಸುತ್ತಿದ್ದ. ಬಿಸ್ಮತ್ ಮತ್ತು ಆಂಟಿಮನಿ ಬೆರೆತ ಲೋಹದ ಹರಳು. ಕರೆಂಟು ಹರಿಸಿದರೆ ಅದರ ಒಂದು ತುದಿ ತಣ್ಣಗಾಗುತ್ತದೆ. ಗ್ಯಾಸು ಬೇಡ, ಕಂಪ್ರೆಸರ್ ಬೇಡ. ಈ ಜಾತಿಯ ಬೇರೆ ವಸ್ತುಗಳು ಕೈಚೆಲ್ಲುವ ಕಡುಚಳಿಯಲ್ಲೂ ಇದು ದುಡಿಯುತ್ತದೆ. ಅದರಲ್ಲಿ ಐಸ್‌ಕ್ರೀಂ ಆಗುತ್ತದೆಯೇ ಎಂದು ಠಾಣೆಯಲ್ಲಿ ಹೋಟೆಲಿಟ್ಟಿದ್ದ ಮಾವ ಸಿಕ್ಕಾಗಲೆಲ್ಲ ಕೇಳುತ್ತಿದ್ದರು.

ಅಣ್ಣ ಇದಕ್ಕಾಗಿ ಒಳ್ಳೆಯ ನೌಕರಿ ಬಿಟ್ಟಿದ್ದ. ಒಂದು ಪ್ರಯೋಗಾಲಯದವರು ಅತಿ ಶುದ್ಧ ಲೋಹವನ್ನು ಕೈಗಿತ್ತು, ದೀಪಾವಳಿಯೊಳಗೆ ಬಿರುಕಿಲ್ಲದ ಹರಳು ಕೊಡದಿದ್ದರೆ ವಿದೇಶದಿಂದ ತರಿಸುತ್ತೇವೆ ಎಂದಿದ್ದರು. ಗಾಜಿನ ಕೊಳವೆಯಲ್ಲಿ ಲೋಹ ಚೂರುಚೂರೇ ಕರಗುತ್ತ, ಹಿಂದಿನಿಂದ ಗಟ್ಟಿಯಾಗುತ್ತ ಸಾಗಬೇಕು. ವಾರಗಟ್ಟಲೆ ಕರೆಂಟಿನ ಕುಲುಮೆ ಆರಬಾರದು. ಲೋಡ್‌ಶೆಡ್ಡಿಂಗಿಗೆ ಹೆದರಿ ಸಾಲಾಗಿ ಬ್ಯಾಟರಿ ಜೋಡಿಸಿದ್ದೆವು. ಕರೆಂಟಿನವರನ್ನು ಗೆದ್ದೆವೆಂದು ನನಗೆ ಜಂಬವೂ ಇತ್ತು.

ಆಯುಧಪೂಜೆಯ ಬೆಳಿಗ್ಗೆ, ಪೂಜೆಗೆಂದು ಬಂದ ಅಮ್ಮನನ್ನು ಶೆಡ್ಡಿನಲ್ಲಿ ಬಿಟ್ಟು ನಾವಿಬ್ಬರೂ ಚೆಂಡುಹೂ ತರಲು ಪಕ್ಕದ ಕಲ್ಯಾಣ್ ಪೇಟೆಗೆ ಹೋದೆವು. ಆ ದಿನ ಯಂತ್ರಗಳನ್ನು ದುಡಿಸಬಾರದು, ತೊಳೆದು ಪೂಜಿಸಬೇಕು ಎಂಬುದು ನಮ್ಮ ಉಡುಪಿ ಕಡೆಯ ಕ್ರಮ. ಹಿಂತಿರುಗಿದಾಗ ಲೇತಿಗೂ ಡ್ರಿಲ್ಲಿಗೂ ಕುಂಕುಮವಿತ್ತು. ಕುಲುಮೆಗೂ ಇತ್ತು. ಅದು ತಣ್ಣಗೆ ಕೂತಿತ್ತು.

"ಪಾಪ, ಹಗಲೂ ರಾತ್ರಿ ಉರೀತಾ ಉಂಟಲ್ಲ. ಇವತ್ತೊಂದು ದಿನ ಅದಕ್ಕೂ ರಜೆ ಬೇಡ್ವಾ ಮಗಾ?" ಎಂದಳು ಅಮ್ಮ. ಆರಿಸಿದ ಸ್ವಿಚ್ಚಿಗೂ ಗಂಧ ಹಚ್ಚಿದ್ದಳು.

ಬಿಸ್ಮತ್ ಕೂಡ ನೀರಿನ ಹಾಗೆ, ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಕೊಳವೆ ಉದ್ದಕ್ಕೂ ಸೀಳಿಹೋಗಿತ್ತು, ಒಳಗಿನ ಹರಳೂ ಬಿರಿದಿತ್ತು. ಅಣ್ಣ ಕಿಂಡಿಯಲ್ಲಿ ಬಗ್ಗಿ ನೋಡಿದ, ನಾನೂ ನೋಡಿದೆ. ಮಾಡಲು ಏನೂ ಉಳಿದಿರಲಿಲ್ಲ; ದೀಪಾವಳಿಯೊಳಗೆ ಮತ್ತೊಂದು ಹರಳು ಬೆಳೆಸುವಷ್ಟು ದಿನಗಳಿರಲಿಲ್ಲ. ಕರೆಂಟಿನವರಾಗಿದ್ದರೆ ಬಾಯಿತುಂಬ ಬೈಯಬಹುದಿತ್ತು. ಕೈಯಲ್ಲಿ ಆರತಿ ತಟ್ಟೆ ಹಿಡಿದು ನಿಂತ ಅಮ್ಮನಿಗೆ ಏನು ಹೇಳುವುದು? ನನಗೆ ಅಳು ಉಕ್ಕಿ ಬಂತು. ಹೂವಿನ ಚೀಲ ಬಿಚ್ಚುವ ನೆಪದಲ್ಲಿ ಮುಖ ತಗ್ಗಿಸಿದೆ. ಅಣ್ಣ ಆರತಿ ತೆಗೆದುಕೊಂಡು, ಸಿಹಿ ಅವಲಕ್ಕಿ ತಿಂದ.

ಮರುದಿನ ವಿಜಯದಶಮಿ. ಕೆಲಸಕ್ಕೆ ಒಳ್ಳೆಯ ದಿನ, ಕುಲುಮೆಯನ್ನು ತಾನೇ ಹಚ್ಚುತ್ತೇನೆಂದು ಅಮ್ಮ ಮತ್ತೆ ಬಂದಳು. ಅಷ್ಟರಲ್ಲಿ ಅಣ್ಣ ಒಡೆದ ಕೊಳವೆಯನ್ನು ತೆಗೆದು ಬಚ್ಚಿಟ್ಟಿದ್ದ. ಅವಳು ದೇವರ ಹೆಸರು ಹೇಳಿ ಸ್ವಿಚ್ಚು ಒತ್ತಿದಳು.

"ಇನ್ನು ಚಂದ ಆಗ್ತದೆ ಅಲ್ವಾ?"

"ಆಗ್ತದಮ್ಮ."

ಖಾಲಿ ಕುಲುಮೆಗೆ ಅವಳು ಕೈಮುಗಿದಳು. ಸಂಜೆ ಅವಳನ್ನು ಮನೆಗೆ ಕಳಿಸುವವರೆಗೂ ಅಣ್ಣ ಅದನ್ನು ಆರಿಸಲಿಲ್ಲ.