ಕುಪ್ಪೇಲೂರಿನ ವೀಳ್ಯ

ರಾಣೆಬೆನ್ನೂರಿನ ಉಚ್ಚಂಗೆವ್ವ ಮತ್ತು ಅವಳ ಗಂಡ ದುರ್ಗೇಶ ಬೇರೆಯಾದದ್ದು ೨೦೦೪ರ ಶ್ರಾವಣದಲ್ಲಿ. ಹೊಡೆತವಿರಲಿಲ್ಲ, ಕುಡಿತವಿರಲಿಲ್ಲ, ಇನ್ನೊಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಇದ್ದಿದ್ದರೆ ಉಚ್ಚಂಗೆವ್ವನಿಗೆ ಬೈಯಲಿಕ್ಕಾದರೂ ಏನಾದರೂ ಸಿಗುತ್ತಿತ್ತು. ಹಿರಿಯರ ಮುಂದೆ ಕುಳಿತು ದುರ್ಗೇಶ ಹೇಳಿದ್ದು ಇಷ್ಟೇ: "ಹಾಡು ಮುಗದ ಮ್ಯಾಲೆ ನಮ್ಮಿಬ್ಬರ ನಡುವ ಮಾತ ಉಳದಿಲ್ರಿ. ಕೂಡಿ ಹಾಡಾಕತ್ತಿ ಹನ್ನೊಂದು ವರ್ಷಾತು. ಅಕಿದೇನೂ ತಪ್ಪಿಲ್ಲ." ಮದುವೆ ಮುರಿಯುವ ಸೋಡಚೀಟಿಗೆ ಇಬ್ಬರೂ ಸಹಿ ಹಾಕಿದರು. ಅವನು ಟ್ರಂಕು ಎತ್ತಿಕೊಂಡು ಹಾವೇರಿಗೆ ಹೋಗಿ ಒಂದು ಕೋಣೆ ಹಿಡಿದ.

ಆದರೆ ಅಷ್ಟರಲ್ಲಿ ಗಣೇಶನ ಹಬ್ಬಕ್ಕೆ ಏಳು ಊರುಗಳ ವೀಳ್ಯ ಹಿಡಿದಾಗಿತ್ತು.

ಅವರದು ನಾಲ್ಕು ಜನರ ಆರ್ಕೆಸ್ಟ್ರಾ. ಹೆಸರು ತುಂಗಾ ಮೆಲೋಡೀಸ್. ದುರ್ಗೇಶನದು ಕೀಬೋರ್ಡು ಮತ್ತು ಗಂಡು ದನಿ, ಉಚ್ಚಂಗೆವ್ವನದು ಹೆಣ್ಣು ದನಿ. ಕ್ಯಾಸೆಟ್ ಅಂಗಡಿಯ ಫಿರೋಜ್ ರಿದಮ್ ಪ್ಯಾಡ್ ಬಾರಿಸುತ್ತಿದ್ದ, ಅವನ ಹೆಂಡತಿ ಮೆಹನಾಜ ಹಿನ್ನೆಲೆಗೆ ದನಿಗೂಡಿಸುತ್ತಿದ್ದಳು. ಊರಿನ ಹಿರಿಯರು ಬಂದು ಎಲೆ, ಅಡಿಕೆ, ತೆಂಗಿನಕಾಯಿ ಕೈಯಲ್ಲಿಟ್ಟರೆ ಅದೇ ವೀಳ್ಯ. ಅದನ್ನು ಹಿಡಿದ ಮೇಲೆ ಮನೆಯಲ್ಲಿ ಹೆಣ ಬಿದ್ದಿದ್ದರೂ ಹೋಗಿ ಹಾಡಬೇಕು. ದುರ್ಗೇಶನ ತಂದೆ ನಾಟಕದ ಹಾರ್ಮೋನಿಯಂ ಮಾಸ್ತರರಾಗಿದ್ದವರು. ವೀಳ್ಯ ಮುರಿದ ಕಲಾವಿದನಿಗೆ ಯಾವ ಊರಿನಲ್ಲೂ ಕುಡಿಯಲು ನೀರು ಸಿಗುವುದಿಲ್ಲ ಎಂದು ಮಗನಿಗೆ ಹೇಳುತ್ತಲೇ ಸತ್ತಿದ್ದರು. ಹೀಗಾಗಿ ಸೋಡಚೀಟಿಯ ಮಸಿ ಆರುವ ಮೊದಲೇ ಗಂಡ ಹೆಂಡತಿಯಲ್ಲದ ಇಬ್ಬರು ಒಂದೇ ಟೆಂಪೋದಲ್ಲಿ, ಒಂದೇ ಬಣ್ಣದ ಮಿರುಗುವ ಬಟ್ಟೆ ತೊಟ್ಟು ಊರೂರು ತಿರುಗಬೇಕಾಯಿತು.

ಈ ಬಟ್ಟೆ ಫಿರೋಜನ ಹುಚ್ಚು. ಅವನ ಅಂಗಡಿಯ ಬಾಗಿಲ ಒಳಗಡೆ ಹಳೆಯ ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆ ಅಂಟಿಸಿತ್ತು. ಸ್ವೀಡನ್ ದೇಶದ ಅಬ್ಬಾ ಎಂಬ ತಂಡ ಯಾವ ವರ್ಷ ಯಾವ ಊರಿನಲ್ಲಿ ಹಾಡಿತು ಎಂಬ ಪಟ್ಟಿ ಅದರಲ್ಲಿತ್ತು. ಅಲ್ಲಿಯೂ ನಾಲ್ಕೇ ಜನ, ಎರಡು ಜೋಡಿ, ಚಿತ್ರದಲ್ಲಿ ಮಿರುಗುವ ಬಟ್ಟೆ. ತುಂಗಾ ಮೆಲೋಡೀಸ್ ಕಟ್ಟಿದ್ದೇ ಆ ಹಾಳೆ ನೋಡಿ.

"ನಮ್ಮ ಅಬ್ಬಾಗ ಗೊತ್ತಾದ್ರ, ನನ್ನ ಹೆಸರಿಟಗೊಂಡು ಯಾರಲೇ ಕುಣಿಯಾಕತ್ತಾರ ಅಂತ ಬಡಿಗಿ ಹಿಡಕೊಂಡು ಬರ್ತಾರ" ಎಂದು ಮೆಹನಾಜ ಮೊದಮೊದಲು ತನ್ನ ತಂದೆಯನ್ನು ನೆನೆದು ನಗುತ್ತಿದ್ದಳು.

ಆ ವರ್ಷ ಟೆಂಪೋದಲ್ಲಿ ಯಾರೂ ನಗಲಿಲ್ಲ. ದುರ್ಗೇಶ ಮುಂದೆ ಚಾಲಕನ ಪಕ್ಕ ಕೂರುತ್ತಿದ್ದ, ಉಚ್ಚಂಗೆವ್ವ ಹಿಂದೆ. ಆ ಮೌನ ತಾಳಲಾರದೆ ಫಿರೋಜ್ ತನ್ನ ಹಾಳೆಯ ಕಥೆ ಬಿಚ್ಚುತ್ತಿದ್ದ. ಆ ತಂಡ ಮೊದಮೊದಲು ತನ್ನ ದೇಶದ ಬಯಲುಗಳಲ್ಲೇ ಹಾಡಿತ್ತಂತೆ. ಎಪ್ಪತ್ತೇಳರಲ್ಲಿ ಆಸ್ಟ್ರೇಲಿಯಾಕ್ಕೆ ಹೋದಾಗ ಸಿಡ್ನಿಯಲ್ಲಿ ಜಡಿಮಳೆ. ತೊಯ್ದ ವೇದಿಕೆಯ ಮೇಲೆಯೇ ಹಾಡಿದರಂತೆ.

"ನಾವೂ ತುಮ್ಮಿನಕಟ್ಟ್ಯಾಗ ಮಳ್ಯಾಗ ಹಾಡೇವಿ" ಎಂದಳು ಮೆಹನಾಜ. "ಪೇಪರದಾಗ ಬಂತೇನು?"

"ಎಪ್ಪತ್ತೊಂಬತ್ತರಾಗ ಅಮೆರಿಕಾಕ್ಕ ಹೋದ್ರು. ಅದಕ್ಕೂ ಮೊದಲ ಒಂದು ಜೋಡಿ ಬಿಟ್ಟ..." ಎಂದವನು ನಾಲಿಗೆ ಕಚ್ಚಿಕೊಂಡ.

ಉಚ್ಚಂಗೆವ್ವ ತಲೆ ಎತ್ತಿದಳು. "ಬಿಟ್ಟ ಮ್ಯಾಲೂ ಕೂಡಿ ಹೋದ್ರಾ?"

"ಹೋದ್ರು ವೈನಿ."

"ಕೂಡಿ ಹಾಡಿದ್ರಾ?"

"ಹಾಡಿದ್ರು."

ಮುಂದೆ ಏನಾಯಿತು ಎಂದು ಅವಳು ಕೇಳಲಿಲ್ಲ. ಅವಳಿಗೆ ಬೇಕಾದದ್ದು ಅಷ್ಟೇ ಇತ್ತು.

ಏಳನೆಯ ಊರು ಕುಪ್ಪೇಲೂರು. ಅಲ್ಲಿ ಕಾರ್ಯಕ್ರಮಕ್ಕೆ ಮೊದಲು ಕಲಾವಿದ ದಂಪತಿಗಳ ಕೈಯಿಂದ ಗಣಪತಿಗೆ ಆರತಿ ಎತ್ತಿಸುವ ವಾಡಿಕೆ. ಸೋಡಚೀಟಿಯ ಸುದ್ದಿ ಆ ಊರಿಗೆ ಮುಟ್ಟಿರಲಿಲ್ಲ. ಉತ್ಸವ ನಡೆಸುವ ಮೈಲಾರೆಪ್ಪ ತಟ್ಟೆ ಹಿಡಿದು ನಿಂತ. ದುರ್ಗೇಶ ಒಂದು ಗಳಿಗೆ ತಡೆದು, ತಟ್ಟೆಯ ಒಂದು ಅಂಚು ಹಿಡಿದ. ಇನ್ನೊಂದು ಅಂಚು ಉಚ್ಚಂಗೆವ್ವ ಹಿಡಿದಳು. ತಟ್ಟೆ ಮೂರು ಸುತ್ತು ಒಂದಿಷ್ಟೂ ಅಲುಗದೆ ತಿರುಗಿತು. ಹನ್ನೊಂದು ವರ್ಷ ಕೂಡಿ ಹಾಡಿದವರ ಕೈ ಹಾಗೆಯೇ ತಿರುಗುತ್ತದೆ. ಅವಳು ಅದಕ್ಕೆ ಬೇರೆ ಅರ್ಥ ಹಚ್ಚಿದಳು.

ಮರುದಿನ ಬೆಳಿಗ್ಗೆ ದುರ್ಗೇಶ ಟೆಂಪೋಕ್ಕೆ ಸಾಮಾನು ಏರಿಸುತ್ತಿದ್ದಾಗ ಮೈಲಾರೆಪ್ಪ ಮುಂದಿನ ವರ್ಷದ ವೀಳ್ಯ ತಂದ. "ನಿಮ್ಮ ಜೋಡಿ ಹಾಡದಿದ್ರ ನಮ್ಮ ಗಣಪ್ಪ ನೀರಿಗಿ ಇಳಿಯಂಗಿಲ್ಲ ಅಂತಾನ ತಂಗಿ, ಹಿಡಿ."

ಉಚ್ಚಂಗೆವ್ವ ಸೆರಗೊಡ್ಡಿ ಇಬ್ಬರ ಪರವಾಗಿ ವೀಳ್ಯ ಹಿಡಿದಳು.

ಮೆಹನಾಜ ನೋಡಿದಳು. "ಅಕ್ಕಾ, ಏನ್ ಮಾಡಿದಿ? ಅವರನ್ನ ಕೇಳಬೇಕಾಗಿತ್ತಿಲ್ಲ?"

"ಮನಿ ಮುರದಾರ" ಎಂದಳು ಉಚ್ಚಂಗೆವ್ವ, "ವೀಳ್ಯ ಮುರಿಯಾಂಗಿಲ್ಲ."

ಆ ಒಂದು ವರ್ಷ ಅವಳು ಬ್ಯಾಡಗಿಯಲ್ಲಿ ತಂಗಿ ಜಯವ್ವನ ಮನೆಯಲ್ಲಿದ್ದಳು. ಜೋಡಿಯಿಲ್ಲದ ಗಾಯಕಿಯನ್ನು ಕರೆಯುವವರಿರಲಿಲ್ಲ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಸೇರಿದಳು. ಕೆಂಪು ರಾಶಿಯ ನಡುವೆ ಇಪ್ಪತ್ತು ಹೆಂಗಸರು ಮಾತಾಡುತ್ತ, ಕೆಮ್ಮುತ್ತ ಕೂರುತ್ತಿದ್ದರು. ಇವಳು ಮಾತ್ರ ಮೂಗುಬಾಯಿಗೆ ಎರಡು ಸುತ್ತು ಬಟ್ಟೆ ಬಿಗಿದು ತುಟಿ ಬಿಚ್ಚುತ್ತಿರಲಿಲ್ಲ.

"ಏನs ಉಚ್ಚಂಗೆವ್ವಾ, ಮಾತಾಡಿದ್ರ ಮುತ್ತು ಉದುರತಾವೇನು?" ಎಂದು ಪಕ್ಕದ ಸಕೀನಾಬಿ ಕೆಣಕಿದರೂ ಇಲ್ಲ. ದನಿ ಕುಪ್ಪೇಲೂರಿಗೆ ಮೀಸಲು. ಆದರೂ ಘಾಟು ಬಟ್ಟೆಯನ್ನು ಲೆಕ್ಕಿಸುವುದಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಮೇಲಿನ ಸ್ವರಗಳು ಒಡೆಯತೊಡಗಿದವು.

ಶ್ರಾವಣ ಬಂದಾಗ ಫಿರೋಜನ ಕೈಯಿಂದ ಹಾವೇರಿಗೆ ಫೋನು ಮಾಡಿಸಿದಳು. ಕುಪ್ಪೇಲೂರಿನ ವೀಳ್ಯ ಇದೆ ಎಂದು ಫಿರೋಜ್ ಹೇಳಿದ. ಯಾರು ಹಿಡಿದರು ಎಂದು ದುರ್ಗೇಶ ಕೇಳಿದ. ಉತ್ತರ ಕೇಳಿದ ಮೇಲೆ "ಬರ್ತೇನಿ" ಎಂದ.

ಬಂದ. ಅಂಗಿಗೆ ಇಸ್ತ್ರಿಯಿತ್ತು, ಮುಖ ತುಸು ತುಂಬಿಕೊಂಡಿತ್ತು. "ಆರಾಮಾ?" ಎಂದು ಅವಳನ್ನು ಕೇಳಿ, ಉತ್ತರಕ್ಕೆ ಕಾಯದೆ ಕೀಬೋರ್ಡಿನ ವಯರು ಬಿಚ್ಚತೊಡಗಿದ. ಈ ಸಲವೂ ಇಬ್ಬರೂ ಕೂಡಿ ಆರತಿ ಎತ್ತಿದರು. ಮೊದಲ ಹಾಡಿನಲ್ಲೇ ಅವಳ ದನಿ ಮೇಲೇರಲಾರದೆ ಬಿರಿಯಿತು. ಎರಡನೆಯ ಹಾಡಿಗೆ ಬಾಯಿ ತೆರೆದಾಗ ಶ್ರುತಿ ಕೀಬೋರ್ಡಿನ ಎರಡು ಮನೆ ಕೆಳಗಿತ್ತು. ಅವಳು ಕೇಳಿರಲಿಲ್ಲ, ಅವನೇ ಇಳಿಸಿದ್ದ. ಕಾರ್ಯಕ್ರಮ ಮುಗಿಯುವವರೆಗೂ ಅವಳ ದನಿಗೆ ಎಟುಕುವಲ್ಲೇ ನುಡಿಸಿದ. ಇಷ್ಟು ಗೊತ್ತಿರುವವನು ದೂರ ಹೇಗೆ ಹೋದಾನು ಎಂದು ಉಚ್ಚಂಗೆವ್ವ ಹಾಡುತ್ತಲೇ ಅಂದುಕೊಂಡಳು.

ಬೆಳಿಗ್ಗೆ ಅವನು ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದಾಗ ಹತ್ತಿರ ಹೋದಳು.

"ನಿನ್ನಿ ಶ್ರುತಿ ಇಳಿಸಿದ್ರಿ."

"ಹೂಂ."

"ನನ್ನ ಸಲುವಾಗಿ?"

ದುರ್ಗೇಶ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಹಾಡು ಕೆಡಬಾರದಿತ್ತು. ಯಾರ ಹಾಡಿದ್ರೂ ಇಳಿಸತಿದ್ದೆ, ಉಚ್ಚಂಗಿ. ಇನ್ನ ಮ್ಯಾಲೆ ನನ್ನ ಹೆಸರಲೆ ವೀಳ್ಯ ಹಿಡೀಬ್ಯಾಡ. ನೀ ಹಿಡದ್ರ ನಾ ಬರೂದ ಆಕ್ಕೈತಿ."

ಅಷ್ಟರಲ್ಲಿ ಮೈಲಾರೆಪ್ಪ ತಟ್ಟೆಯೊಂದಿಗೆ ಬಂದ. ದುರ್ಗೇಶ ತಲೆ ತಗ್ಗಿಸಿ ನಿಂತ. ಉಚ್ಚಂಗೆವ್ವ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಕೊಡಬ್ಯಾಡ್ರಿ ಯಜಮಾನ್ರ. ನಾವು ಬಿಟ್ಟು ವರ್ಷದ ಮ್ಯಾಲಾತು."

ಮೈಲಾರೆಪ್ಪ ಇಬ್ಬರ ಮುಖವನ್ನೂ ನೋಡಿದ. "ಮತ್ತ ಹ್ವಾದ ವರ್ಷ ಯಾಕ ಹಿಡದಿ ತಂಗಿ?"

"ಬರ್ತಾರೇನೋ ಅಂತ."

"ಬಂದಾನಲ್ಲಬೇ."

"ಹೌದ್ರಿ. ಬಂದಾರ."

ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಮರಳಿದರು. ನಿಲ್ದಾಣದಲ್ಲಿ ಹಾವೇರಿಯ ಬಸ್ಸು ಹೊರಡಲು ನಿಂತಿತ್ತು. ದುರ್ಗೇಶ ಕೀಬೋರ್ಡನ್ನು ಮಗುವಿನಂತೆ ಎದೆಗವಚಿ ಹತ್ತಿ, ಕಿಟಕಿಯಿಂದ ಫಿರೋಜನಿಗೆ ಕೈ ಮಾಡಿದ. ಆ ಬಸ್ಸು ತಿರುಗಿ ಮರೆಯಾದ ಮೇಲೆ ಉಚ್ಚಂಗೆವ್ವ ಕೇಳಿದಳು.

"ಅಮೆರಿಕಾದ ಮ್ಯಾಲೆ ಅವರು ಎಲ್ಲಿಗಿ ಹೋದ್ರು, ತಮ್ಮಾ?"

ಫಿರೋಜನಿಗೆ ಅರ್ಥವಾಯಿತು. "ಯುರೋಪ್, ಆಮ್ಯಾಲೆ ಎಂಬತ್ತರಾಗ ಜಪಾನ್. ಅದs ಕಡೀದು. ಮುಂದ ಎರಡನೇ ಜೋಡೀನೂ ಬಿಟ್ಟಿತು. ಮತ್ತೊಮ್ಮಿ ಕೂಡಿ ತಿರುಗಾಡ್ರಿ, ಕೇಳಿದಷ್ಟು ಕೊಡತೇವಿ ಅಂತ ಮೊನ್ನಿ ಮೊನ್ನಿ ಕರದ್ರಂತ. ಒಲ್ಲೆ ಅಂದ್ರು."

"ಇದನ್ನ ಹ್ವಾದ ವರ್ಷ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಜಪಾನಿನ್ಯಾಗ ಹಾಡಿದ ದಿವ್ಸ ಅವರಿಗಿ ಗೊತ್ತಿತ್ತೇನು, ಇದs ಕಡೀದು ಅಂತ?"

"ಹಾಳ್ಯಾಗ ಬರದಿಲ್ಲ ಅಕ್ಕಾ" ಎಂದ.

ಇಷ್ಟು ವರ್ಷ ಅಣ್ಣನ ಹೆಂಡತಿಯೆಂದು ವೈನಿ ಎನ್ನುತ್ತಿದ್ದವನು ಅಕ್ಕಾ ಎಂದದ್ದನ್ನು ಅವಳು ಗಮನಿಸಿದಳು. ಬ್ಯಾಡಗಿಯ ಬಸ್ಸು ಬಂತು, ಕೂರಲು ಜಾಗವಿತ್ತು. ಮರುದಿನ ಸೋಮವಾರ. ಕೆಲಸಕ್ಕೆ ಎಂಟರೊಳಗೆ ಹೋಗಬೇಕಿತ್ತು. ಹೋದಳು. ಅಂದು ಅವಳು ಬಾಯಿಗೆ ಬಟ್ಟೆ ಕಟ್ಟಲಿಲ್ಲ.